ದೀಪ ಹಾಕುವ ಮೊದಲು ಏರಿ ನೋಡಿ

ಮಣಿಪಾಲದ ಮಣ್ಣಪಳ್ಳದ ಸುತ್ತ ಬೆಳಗಾದರೆ ನಡೆಯುವವರು, ಓಡುವವರು. ಕಾರ್ಕಳದ ಚತುರ್ಮುಖ ಬಸದಿಗೆ ಬಂದವರು ಆನೆಕೆರೆಯ ನಡುವಿನ ಬಸದಿಯನ್ನೂ ನೋಡದೆ ಹೋಗುವುದಿಲ್ಲ. ಕೆರೆಗೆ ಹೀಗೆ ಜನ ಬರುವುದು ಒಳ್ಳೆಯದೇ. ಜನರ ಕಣ್ಣಿರುವ ಕೆರೆಗೆ ಕಸ ಸುರಿಯಲು ಯಾರೇ ಆದರೂ ಹಿಂಜರಿಯುತ್ತಾರೆ. ಆದರೆ ಕೆರೆ ಅಭಿವೃದ್ಧಿಯ ಮಾತು ಎದ್ದಾಗಲೆಲ್ಲ ಇಂಟರ್‌ಲಾಕ್, ಬೆಂಚು, ದೀಪ, ದೋಣಿ ಎಂದೇ ಕೇಳುತ್ತೇನೆ. ಏರಿ, ಕೋಡಿ, ತೂಬು ಯಾರ ಬಾಯಲ್ಲೂ ಬರುವುದಿಲ್ಲ. ಸಣ್ಣ ಕೆರೆಗಳ ದುರಸ್ತಿಯಲ್ಲೇ ಕೂದಲು ನರೆತ ನಿವೃತ್ತ ಕಿರಿಯ ಎಂಜಿನಿಯರ್ ನಾನು. ನನ್ನನ್ನು ಕಾಡುವ ಸಂಗತಿ ಇದು.

ಮಣ್ಣಿನ ಏರಿ ಒಡೆಯುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಕೋಡಿ ಸಾಲದೆ ಅಥವಾ ಕಟ್ಟಿಕೊಂಡು ನೀರು ಏರಿಯ ಮೇಲೆಯೇ ಹರಿಯುವುದು. ಇನ್ನೊಂದು, ಏರಿಯ ಒಳಗೆ ಸಣ್ಣ ದಾರಿ ಮಾಡಿಕೊಂಡ ನೀರು ಮಣ್ಣನ್ನು ಹೊತ್ತು ಹೊರಬರುವುದು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ನಿಗಾ ಇಟ್ಟರೆ ಸಾಕು. ಅದೇ ನೀರು ಕೆಂಪಗೆ ಬಂದರೆ ಒಳಗೆ ಮಣ್ಣು ಸವೆಯುತ್ತಿದೆ ಎಂದರ್ಥ. ಆಗ ಮರುದಿನಕ್ಕೆ ಕಾಯುವಂತಿಲ್ಲ.

ನಮ್ಮ ಕರಾವಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮುರಕಲ್ಲಿನ ಕೆಳಗೆ ಶೇಡಿಮಣ್ಣು ಇರುವುದು ಬಾವಿ ತೋಡಿಸಿದ ಪ್ರತಿಯೊಬ್ಬರಿಗೂ ಗೊತ್ತು. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಲ್ಲುವ ಆ ಮಣ್ಣು ನೀರು ಕುಡಿದರೆ ಬಲ ಕಳೆದುಕೊಂಡು ಕೊಚ್ಚಿ ಹೋಗುತ್ತದೆ. ಮಳೆಯೋ, ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದ್ದು ಒಂದೇ ರಾತ್ರಿಯ ಮಳೆಗೆ. ಅಂಥ ಇನ್ನೊಂದು ರಾತ್ರಿಯನ್ನು ತಾಳುವ ಕೋಡಿ ನಮ್ಮ ಎಷ್ಟು ಕೆರೆಗಳಿಗಿದೆ?

ವಿಹಾರದ ಕೆರೆಯಾದಾಗ ಏರಿಯ ಪಾಡೇ ಬದಲಾಗುತ್ತದೆ. ಹಿಂದೆ ಸುಗ್ಗಿ, ಕೊಳಕೆ ಬೆಳೆಗಳಿಗೆ ತೂಬಿನಿಂದ ನೀರು ಬಿಡುತ್ತಿದ್ದರು. ಬೇಸಿಗೆಗೆ ಕೆರೆ ಇಳಿದು ಏರಿಯ ಒಳಮೈ ಕಾಣುತ್ತಿತ್ತು. ಬಿರುಕು, ಬಿಲ ಏನಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಕೆಳಗಿನ ಗದ್ದೆಯವರೇ ಸೇರಿ ಮಣ್ಣು ಹಾಕುತ್ತಿದ್ದರು. ಈಗ ಗದ್ದೆ ಹಡಿಲು ಬಿದ್ದಿದೆ, ತೂಬು ತುಕ್ಕು ಹಿಡಿದಿದೆ. ದೋಣಿ ತೇಲಲು, ಫೋಟೋ ಚೆನ್ನಾಗಿ ಬರಲು ಕೆರೆ ಸದಾ ತುಂಬಿರಬೇಕು. ಅದಕ್ಕಾಗಿ ಕೋಡಿಗೆ ಹಲಗೆಯನ್ನೋ ಮರಳಿನ ಚೀಲವನ್ನೋ ಇಟ್ಟರೆ ಮಹಾಮಳೆಗೆಂದು ಬಿಟ್ಟ ಜಾಗವನ್ನೇ ಕಸಿದಂತೆ. ಏರಿಯ ನೆತ್ತಿಗೆ ಇಂಟರ್‌ಲಾಕ್ ಹಾಸಿದರೆ ಬಿರುಕು, ಕುಸಿತ ಅದರಡಿ ಮರೆಯಾಗುತ್ತವೆ. ನೆರಳಿಗೆಂದು ನೆಟ್ಟ ಮರದ ಬೇರು ಸತ್ತ ಮೇಲೆ ನೀರಿಗೆ ದಾರಿಯಾಗುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋದಾಗ ರಾಜ್ಯವೇ ಆ ಕಡೆ ನೋಡಿತು. ಸಣ್ಣ ಏರಿಗೆ ಆ ಭಾಗ್ಯವಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಹಿಂದೆ ಮುಂದೆ ತಪಾಸಣೆ ಕಡ್ಡಾಯ ಮಾಡಿದೆ. ಆದರೆ ಅದು ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರ್‌ನವಕ್ಕೆ. ಊರ ಕೆರೆಯ ಏರಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಕೆಳಗೆ ಮನೆಗಳಿದ್ದರೆ ಸಣ್ಣ ಏರಿಯೂ ಜೀವ ತೆಗೆಯಬಲ್ಲದು. ನಮ್ಮಂತೆಯೇ ಮುರಕಲ್ಲಿನ, ಜಡಿಮಳೆಯ ನಾಡಾದ ರತ್ನಾಗಿರಿ ಜಿಲ್ಲೆಯಲ್ಲಿ 2019ರ ಜುಲೈ 2ರ ರಾತ್ರಿ ತಿವರೆ ಎಂಬಲ್ಲಿನ ಮಣ್ಣಿನ ಅಣೆಕಟ್ಟು ಒಡೆದು ಸುಮಾರು 20 ಮಂದಿ ಸತ್ತರು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆಮೇಲೆ ಅಲ್ಲಿನ ಸಚಿವರು ಏಡಿಗಳತ್ತ ಬೆರಳು ತೋರಿದರು. ಏಡಿ, ಹೆಗ್ಗಣ ಏರಿಯಲ್ಲಿ ಬಿಲ ತೋಡುವುದು ನಿಜ. ವರ್ಷಾವರ್ಷ ಬಿಲ ಹುಡುಕಿ ಮುಚ್ಚುವುದು ಮನುಷ್ಯರ ಕೆಲಸ.

ಆದ್ದರಿಂದ ನನ್ನ ಬೇಡಿಕೆ ಸರಳ. ಉಡುಪಿ ನಗರಸಭೆ, ಕಾರ್ಕಳ ಮತ್ತು ಕಾಪು ಪುರಸಭೆಗಳು, ಎಲ್ಲ ಪಂಚಾಯತ್‌ಗಳು ಪ್ರತಿವರ್ಷ ಮಳೆಗಾಲಕ್ಕೆ ಮುನ್ನ, ಪತ್ತನಾಜೆಯೊಳಗೆ ತಮ್ಮ ಕೆರೆಗಳ ಏರಿ ಪರೀಕ್ಷಿಸಲಿ. ಏರಿಯ ಹೊರಮೈಯ ಪೊದೆ ಸವರಲಿ, ಕೋಡಿಯ ಹೂಳು ತೆಗೆಯಲಿ, ತೂಬು ತೆರೆದು ಮುಚ್ಚಿ ನೋಡಲಿ. ಪರೀಕ್ಷೆಯ ದಿನ, ಕಂಡ ದೋಷ, ಹೊಣೆಗಾರ ಎಂಜಿನಿಯರ್‌ನ ದೂರವಾಣಿ ಸಂಖ್ಯೆ ಇರುವ ಫಲಕ ಕೆರೆಯ ಬಳಿ ಇರಲಿ. ಅಳತೆಯ ಕೆಲಸಕ್ಕೆ ನಿಟ್ಟೆ, ಮಣಿಪಾಲದ ಸಿವಿಲ್ ವಿದ್ಯಾರ್ಥಿಗಳನ್ನು ಕರೆಯಲಿ. ಅವರಿಗೂ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಏರಿ, ಕೋಡಿ ಗಟ್ಟಿಯಿವೆ ಎಂಬ ಲಿಖಿತ ವರದಿ ಬಾರದೆ ಅಲಂಕಾರಕ್ಕೆ ಒಂದು ರೂಪಾಯಿಯೂ ಮಂಜೂರಾಗಬಾರದು.

ಕೆರೆಯ ಸುತ್ತ ನಡೆಯುವವರಲ್ಲೂ ಒಂದು ಮಾತು. ಏರಿಯ ಮೇಲೆ ಹೊಸ ಬಿರುಕು, ಬುಡದಲ್ಲಿ ಕೆಂಪು ನೀರು ಕಂಡರೆ ಅಂದೇ ಪುರಸಭೆಗೋ ಪಂಚಾಯತ್‌ಗೋ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಏರಿಯ ಕೆಳಗಿನ ಮನೆಗಳಲ್ಲಿ ಮಲಗಿದವರಿಗೆ ಎಚ್ಚರಿಕೆ ಕೊಡಬಲ್ಲವರು ಮೊದಲಿಗೆ ನೀವೇ.