ಪ್ರಶಸ್ತಿ ಯಾವ ಗುರುವಿಗೆ?

ಕ್ರೀಡಾ ತರಬೇತುದಾರರಿಗೆ ಸಲ್ಲುವ ರಾಷ್ಟ್ರಪ್ರಶಸ್ತಿಗೆ ಭಾರತ ಸರಕಾರವು 1985ರಲ್ಲಿ ದ್ರೋಣಾಚಾರ್ಯರ ಹೆಸರನ್ನಿಟ್ಟಿತು. ಕರ್ನಾಟಕ ಸರಕಾರವು ತನ್ನ ಆಟಗಾರರಿಗೆ ಕೊಡುವ ಪ್ರಶಸ್ತಿಯಾದರೋ ಏಕಲವ್ಯನ ಹೆಸರಿನದು. ಹೆಬ್ಬೆರಳು ಕೇಳಿದವನ ಹೆಸರು ಗುರುವಿಗೆ, ಕೊಟ್ಟವನದು ಶಿಷ್ಯನಿಗೆ! ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕವನ್ನು ಬಲ್ಲವರಿಗೆ ಈ ಜೋಡಣೆ ತುಸು ಇರುಸುಮುರುಸನ್ನೇ ತಂದೀತು. ಅದಿರಲಿ, ಈ ಗೌರವಕ್ಕೆ ಯಾವ ಗುರು ಅರ್ಹನೆಂಬುದೇ ಇಲ್ಲಿ ವಿಚಾರಾರ್ಹವಾದುದು.

ಮೊದಲ ವರ್ಷದ ಆಯ್ಕೆಯಲ್ಲಿ ಓ. ಎಂ. ನಂಬಿಯಾರ್ ಅವರಿದ್ದರು. ಪಿ. ಟಿ. ಉಷಾ ಇನ್ನೂ ಶಾಲಾಬಾಲಕಿಯಾಗಿದ್ದಾಗಲೇ ಅವಳ ಓಟವನ್ನು ಗುರುತಿಸಿ ತಿದ್ದಿದವರು ಅವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಕೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡಾಗಲೂ ಗುರು ಅವರೇ. ಮೊದಲ ಗುರುವೂ ಕೊನೆಯ ಗುರುವೂ ಒಬ್ಬನೇ ಆದಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಅಂಥ ಭಾಗ್ಯ ಅಪರೂಪ.

ಸಮೀರವಾಡಿಯ ಸುತ್ತಲಿನ ಮುಧೋಳ, ಜಮಖಂಡಿ, ಬನಹಟ್ಟಿ ಸೀಮೆಯನ್ನೇ ನೋಡಬಹುದು. ಕಬ್ಬಿನ ಈ ನಾಡಿನಲ್ಲಿ ಕುಸ್ತಿಗೆ ಇಂದಿಗೂ ಮಾನವಿದೆ. ಗರಡಿಯ ವಸ್ತಾದನಿಗೆ ಪ್ರಮಾಣಪತ್ರವಿಲ್ಲ, ಸಂಬಳವೂ ಇಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಕಣ ಹದಗೊಳಿಸುವವನು ಅವನು; ಹತ್ತು ವರ್ಷದ ಪೋರನನ್ನು ನಸುಕಿನಲ್ಲೆಬ್ಬಿಸಿ ದಂಡ-ಬಸ್ಕಿ ಹೊಡೆಸುವವನೂ ಅವನೇ. ಹುಡುಗ ಬೆಳೆದು ಕ್ರೀಡಾನಿಲಯ ಸೇರುತ್ತಾನೆ, ಮಣ್ಣು ಬಿಟ್ಟು ಮ್ಯಾಟಿಗೆ ಬರುತ್ತಾನೆ, ದೈವವಿದ್ದರೆ ರಾಷ್ಟ್ರೀಯ ಶಿಬಿರ ತಲಪುತ್ತಾನೆ. ಪ್ರಶಸ್ತಿಯ ಮುಖ್ಯ ವಿಭಾಗದಲ್ಲಿ ಎಣಿಕೆಗೆ ಬರುವುದು ಹಿಂದಿನ ನಾಲ್ಕು ವರ್ಷಗಳ ಅಂತರರಾಷ್ಟ್ರೀಯ ಸಾಧನೆ. ವಸ್ತಾದನು ಬೆವರು ಸುರಿಸಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. ಲೆಕ್ಕದ ಪುಸ್ತಕ ತೆರೆಯುವ ಮುನ್ನವೇ ಅವನ ದುಡಿಮೆ ಮುಗಿದಿರುತ್ತದೆ.

ಶಿಬಿರದ ಶಿಕ್ಷಕನ ಶ್ರಮ ಕಡಿಮೆಯದೆಂದು ಇದರರ್ಥವಲ್ಲ. ಮಣ್ಣಿನ ಕುಸ್ತಿಯೇ ಬೇರೆ, ಅಂಕಗಳ ಮೇಲೆ ನಡೆಯುವ ಮ್ಯಾಟಿನ ಕುಸ್ತಿಯೇ ಬೇರೆ. ಕಲಿತ ಕೆಲವು ರೂಢಿಗಳನ್ನು ಬಿಡಿಸುವುದೂ ವಿದ್ಯೆಯೇ. ಹರಿಯಾಣದ ಭಿವಾನಿಯ ಉದಾಹರಣೆ ಇಲ್ಲಿ ಗಮನಾರ್ಹ. 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್‌ನನ್ನು ಊರಿನಲ್ಲಿ ಪಳಗಿಸಿದ ಜಗದೀಶ್ ಸಿಂಗ್‌ರಿಗೆ 2007ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ದೊರೆಯಿತು. ರಾಷ್ಟ್ರೀಯ ತಂಡದ ಗುರುಬಕ್ಷ್ ಸಿಂಗ್ ಸಂಧು ಅವರಿಗೆ 1998ರಲ್ಲಿಯೇ ಸಂದಿತ್ತು. ಭಿವಾನಿಗೆ ಸಲ್ಲುವ ನ್ಯಾಯ ಬನಹಟ್ಟಿಗೇಕೆ ಸಲ್ಲಬಾರದು?

ಪದಕ ಬಂದ ಮರುದಿನ ಹತ್ತು ಮಂದಿ ಮೊದಲ ಗುರುಗಳು ಹುಟ್ಟಿಕೊಳ್ಳುವರೆಂಬ ಆಕ್ಷೇಪವುಂಟು, ಅದು ಸುಳ್ಳಲ್ಲ. ಆದರೆ ನಿರ್ಣಯಕ್ಕೆ ಸಾಧನಗಳಿಲ್ಲದಿಲ್ಲ. ಅರ್ಜಿಯಲ್ಲಿ ಪ್ರಥಮ ಶಿಕ್ಷಕನ ಹೆಸರಿಗೊಂದು ಅಂಕಣವಿರಲಿ, ಅದನ್ನು ಆಟಗಾರನೇ ತನ್ನ ಕೈಯಾರೆ ತುಂಬಲಿ. ತಾಲೂಕು ಕ್ರೀಡಾಕೂಟಕ್ಕೆ ಶಾಲೆಯಿಂದ ಹೋದ ಹಳೆಯ ಪ್ರವೇಶಪತ್ರಗಳಿದ್ದರೆ ಅವುಗಳನ್ನೂ ತೆಗೆದು ನೋಡಲಿ. ಹುಡುಗನ ಹೆಸರಿನ ಕೆಳಗೆ ಯಾರ ಸಹಿ ಇತ್ತೆಂಬುದು ಅಲ್ಲಿಯೇ ಕಂಡೀತು.