ಕೆಂಪು ಮರಿಗಳ ಮೇಲೆ ಗಾಳ ಬೇಡ

ಕಾಮರ್ಸ್ ಓದುವವನಿಗೆ ಮೀನಿನ ಉಸಾಬರಿ ಯಾಕೆ ಎಂದು ಗೆಳೆಯರು ಕೇಳಬಹುದು. ಕೇಳಲಿ. ಕಳೆದ ಶ್ರಾವಣದಲ್ಲಿ ನಾಸಿಕದ ಕಾಕಾನ ಮನೆಗೆ ಹೋಗಿದ್ದಾಗ ನನ್ನ ಕೈಯಿಂದಲೇ ಒಂದು ತಪ್ಪು ಆಯಿತು. ಅದನ್ನು ಮುಚ್ಚಿಟ್ಟು ವಾದ ಹೂಡುವುದು ಸರಿಯಲ್ಲ.

ಕಾಕಾನ ಮಗ, ನಮ್ಮಣ್ಣ, ಗಾಳದ ಹುಚ್ಚಿನವನು. (ಮರಾಠಿಯಲ್ಲಿ ಗಾಳ ಅಂದರೆ ಹೂಳು, ನಮ್ಮ ಗಾಳಕ್ಕೆ ಅವರು ಗಳ ಅಂತಾರೆ. ಮೊದಲ ದಿನ ನಾನು ಎಲ್ಲರನ್ನೂ ನಗಿಸಿದೆ.) ನಾವು ಊರಲ್ಲಿ ಎರೆಹುಳ ಸಿಕ್ಕಿಸಿ ಹಳ್ಳದ ದಂಡೆಗೆ ಕೂಡುತ್ತಿದ್ದೆವಲ್ಲ, ಅದಲ್ಲ ಇವನದು. ರಬ್ಬರಿನ ಕಪ್ಪೆ. ಎರಡು ಕೊಕ್ಕೆ ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುತ್ತವೆ, ಜೊಂಡಿಗೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಕಪ್ಪೆಯ ಮೈ ಅಮುಕಿ ಕೊಕ್ಕೆ ಹೊರಗೆ ಬರುತ್ತದೆ. ಹೊತ್ತು ಮುಳುಗುವಾಗ ಊರಾಚೆ ಗೋದಾವರಿಯ ಹಿನ್ನೀರಿಗೆ ಹೋದೆವು. ಆಗ ಸಣ್ಣ ಮೀನು ಆಳವಿಲ್ಲದ ದಡಕ್ಕೆ ಬರುತ್ತವೆ, ಅವುಗಳ ಹಿಂದೆ ದೊಡ್ಡವು. ಕೆಳಗಿನಿಂದ ನೋಡುವ ಮೀನಿಗೆ ಮಬ್ಬು ಆಕಾಶದ ಎದುರು ಕಪ್ಪೆಯ ಆಕಾರ ಮಾತ್ರ ಕಾಣುತ್ತದೆ, ಮೋಸ ಕಾಣುವುದಿಲ್ಲ.

ಮೊಳಕಾಲುದ್ದ ನೀರಲ್ಲಿ ಒಂದು ಕಡೆ ಹನಿ ಬಿದ್ದಂತೆ ನೀರು ಪಟಪಟ ಅಂತಿತ್ತು. ಮಳೆ ಇರಲಿಲ್ಲ. ನೋಡಿದರೆ ಕೆಂಪು ಕೆಂಪು ಮರಿಗಳ ಉಂಡೆ, ನೂರಾರು. ಅದು ಮರಳ ಮೀನು, ನಮ್ಮ ಕಡೆ ಕೆಲವರು ಕೊರವ ಅಂತಾರೆ, ಹಾವಿನ ತಲೆಯಂಥ ತಲೆ. ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ಮರಿಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ಹೆತ್ತವು ವಾರಗಟ್ಟಲೆ ಅವುಗಳನ್ನು ಕಾಯುತ್ತವೆ.

"ಅಲ್ಲೇ ಒಗಿ ತಮ್ಮಾ, ದೊಡ್ಡದು ಕೆಳಗs ಇರ್ತದ. ಹಸಿವಿಗೆ ಅಲ್ಲ, ಸಿಟ್ಟಿಗೆ ಹೊಡೀತದ," ಅಂದ ಅಣ್ಣ.

ಒಗೆದೆ. ಮೂರನೇ ಸಲಕ್ಕೆ ಹೊಡೀತು. ಮೊಳದ ಮೇಲಿತ್ತು. ಖುಷಿ ಆಯಿತು, ಸುಳ್ಳು ಹೇಳಲಾರೆ. ಶ್ರಾವಣದಲ್ಲಿ ಮೀನು ಮನೆಗೆ ತಂದರೆ ಹೊಸಿಲು ದಾಟಿಸುವುದಿಲ್ಲ ಅಂತ ಕಾಕಿ ಮೊದಲೇ ಹೇಳಿದ್ದಳು, ಅದಕ್ಕೇ ಫೋಟೋ ತೆಗೆದು ಬಿಟ್ಟೆವು. ಅಳೆದದ್ದು, ಕೊಕ್ಕೆ ಬಿಡಿಸಿದ್ದು, ಎರಡೆರಡು ಫೋಟೋ, ಎಲ್ಲಾ ಸೇರಿ ಹತ್ತು ನಿಮಿಷ. ಅಷ್ಟರಲ್ಲಿ ಆ ಉಂಡೆ ಒಡೆದು ಚದುರಿತ್ತು, ಬೇರೆ ಮೀನುಗಳು ನುಗ್ಗಿ ನುಗ್ಗಿ ನುಂಗುತ್ತಿದ್ದವು. ನಾವು ಬಿಟ್ಟ ಮೀನು ಸುಸ್ತಾಗಿ ಜೊಂಡಿನೊಳಗೆ ಎಲ್ಲೋ ಹೋಯಿತು.

"ಹಿಡಿದು ಬಿಡ್ತೀವಲ್ಲ, ಪಾಪ ಎಲ್ಲಿಂದ ಬಂತು" ಎನ್ನುವ ಮಾತನ್ನು ನಾನು ಒಪ್ಪದೆ ಇರುವುದು ಇದಕ್ಕೇ. ಬೇರೆ ಹೊತ್ತಿನಲ್ಲಿ ಆ ಮಾತು ನಡೆದೀತು. ಮರಿ ಕಾಯುವ ಮೀನಿನ ವಿಷಯದಲ್ಲಿ ಬಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಅಸಲು ವಾಪಸು ಕೊಟ್ಟೆವು, ಬಡ್ಡಿ ಪೂರಾ ಹೋಯಿತು. (ಕಾಮರ್ಸಿನವನಿಗೆ ಬರುವುದು ಇಷ್ಟೇ ಉಪಮೆ.)

ಆಮೇಲೆ ಸಂಭಾಜಿನಗರಕ್ಕೆ ಹೋದೆ, 2023ರವರೆಗೆ ಔರಂಗಾಬಾದ್ ಆಗಿದ್ದ ಊರು. ಅಲ್ಲಿ ಮಾಮಾ ಇದ್ದಾರೆ. ಪೈಠಣದ ಜಾಯಕವಾಡಿ ಜಲಾಶಯ ತೋರಿಸಿದರು. ಸುಮಾರು 102 ಟಿಎಂಸಿ, ಆದರೆ ಹರವು ದೊಡ್ಡದು, ಆಳ ಕಡಿಮೆ. ನೀರು ಸ್ವಲ್ಪ ಇಳಿದರೂ ದಡ ಬಹಳ ದೂರ ಸರಿಯುತ್ತದೆ, ಬಯಲಾದ ಹೂಳಿನಲ್ಲಿ ರೈತರು ಬಿತ್ತುತ್ತಾರೆ. ಬರದ ವರ್ಷ ನಾಸಿಕದ ಮೇಲಿನ ಅಣೆಕಟ್ಟುಗಳಿಂದ ಇಲ್ಲಿಗೆ ನೀರು ಬಿಡುವ ಜಗಳ ಕೋರ್ಟಿನವರೆಗೆ ಹೋಗಿದೆ. ಎಲ್ಲರೂ ಟಿಎಂಸಿಯ ಮಾತಾಡುತ್ತಾರೆ. ಮೊದಲು ಒಣಗುವ ಆ ಮೊಳಕಾಲುದ್ದದ ನೀರಿನ ಮಾತು ಯಾರೂ ಆಡುವುದಿಲ್ಲ. ಮರಿಗಳಿರುವುದು ಅಲ್ಲೇ.

ಬಲೆ ಹೊಲಿಯುತ್ತಿದ್ದ ಒಬ್ಬ ಅಜ್ಜನಿಗೆ ನನ್ನ ಕತೆ ಹೇಳಿದೆ. "ನಮ್ಮವರೂ ಸಣ್ಣ ಕಣ್ಣಿನ ಬಲೆ ಹಾಕ್ತಾರೆ, ಇಲ್ಲ ಅನ್ನೋದಿಲ್ಲ. ಆದರೆ ಕೆಂಪು ಮರಿ ಕಂಡರೆ ನಮ್ಮಪ್ಪ ದೋಣಿ ತಿರುಗಿಸ್ತಿದ್ದ," ಅಂದರು, ಮರಾಠಿಯಲ್ಲಿ. ಬಲೆಯವರು ನಮಗಿಂತ ಹೆಚ್ಚು ಹಿಡಿಯುತ್ತಾರೆ ಎನ್ನುವುದು ನಿಜ. ಅವರದು ಹೊಟ್ಟೆಯ ಪಾಡು, ನಮ್ಮದು ಸಂಜೆಯ ಮೋಜು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಕಾನೂನು ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗೆ ನಿಷೇಧವಿದೆ, ಬಂದರಿನಲ್ಲಿ ದೋಣಿ ಎಣಿಸಿದರೆ ಸಾಕು. ಹಿನ್ನೀರಿನ ಜೊಂಡಿನ ಪಕ್ಕ ಒಬ್ಬನೇ ನಿಂತ ಹುಡುಗನನ್ನು ಎಣಿಸುವವರು ಯಾರು? ಅವನೇ ಕೈ ತಡೆಯಬೇಕು.

ಗಾಳವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂದು ಒಂದು ಭಾಗವನ್ನೇ ಬರೆದ. ಯಾವ ಮೀನಿಗೆ ಯಾವ ಆಹಾರ ಎಂಬ ವಿವರವೂ ಅಲ್ಲಿದೆ. ರಾಜನ ವಿನೋದ ನಮಗೂ ಇರಲಿ.

ಅಣ್ಣನಿಗೆ ಇದನ್ನೆಲ್ಲ ಕಾಗದದಲ್ಲಿ ಬರೆದೆ. "ಬಂದು ವಾದ ಮಾಡು" ಅಂತ ಉತ್ತರ. ದೀಪಾವಳಿಗೆ ಹೋಗುತ್ತೇನೆ. ಅಷ್ಟರಲ್ಲಿ ಉಳಿದ ಮರಿಗಳು ಬಲಿತು ಬೇರೆ ಬೇರೆ ಆಗಿರುತ್ತವೆ. ಆಗ ರಬ್ಬರ್ ಕಪ್ಪೆ ನಾನೂ ಒಗೆಯುತ್ತೇನೆ.