ಕೈಗುಣ ಅಂದ್ರೆ ಎಂತ ಮಾರಾಯ್ರೆ?

ಅಡುಗೆ ಬಗ್ಗೆ ಬರೆಯೋ ಅಕ್ಕಂದಿರೇ, ಅಪರೂಪಕ್ಕೆ ಬರೆಯೋ ಅಣ್ಣಂದಿರೇ, ಇವತ್ತು ನಿಮ್ಮ ಜೊತೆ ಸ್ವಲ್ಪ ಜಗಳ ಉಂಟು.

ನೀವು ಬರೆಯೋದು ಹೀಗೆ: ಮೈದಾ ಬೇಕಾದಷ್ಟು, ಸೋಡಾ ಚಿಟಿಕೆ, ಹದವಾಗಿ ಬೇಯಿಸಿ. ಕೆಳಗೆ ಹೊಂಬಣ್ಣದ ಕೇಕಿನ ಫೋಟೋ. ಅದರ ಕೆಳಗೆ ನಮ್ಮಂಥವರ ಕಮೆಂಟು, "ವಾವ್, ಎಲ್ಲಾ ನಿಮ್ಮ ಕೈಗುಣ!" ಈ ಕೈಗುಣ ಅನ್ನೋ ಪದ ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ.

2020ರ ಜೂನ್. ಲಾಕ್‌ಡೌನ್ ಅಂತ ಬೆಂಗಳೂರಿನ ರೂಮು ಬಿಟ್ಟು ಅರಂತೋಡಿನ ಮನೆಗೆ ಬಂದಿದ್ದೆ. ಚಾವಡಿಯ ಒಂದೇ ಒಂದು ಮೂಲೆಯಲ್ಲಿ ನೆಟ್‌ವರ್ಕ್ ಸಿಗ್ತಿತ್ತು, ಅದೇ ನನ್ನ ಆಫೀಸು. ಹೊರಗೆ ಧೋ ಅಂತ ಮಳೆ. ಊರಿಗೆ ಊರೇ ಕೇಕ್ ಮಾಡ್ತಿದ್ದ ಕಾಲ ಅದು, ಅಮ್ಮನಿಗೂ ಆಸೆ ಆಯ್ತು. ಅಮೆರಿಕದ ಯಾವುದೋ ವಿಡಿಯೋ ನೋಡಿ "350 ಡಿಗ್ರಿಯಂತೆ" ಅಂದಳು. ನಮ್ಮ ಓವನ್ನಿನ ಮುಳ್ಳು 250ಕ್ಕೇ ನಿಲ್ಲುತ್ತೆ. ಹೋಗೋವಷ್ಟು ಹೋಗ್ಲಿ ಅಂತ ಕೊನೇ ತನಕ ತಿರುಗಿಸಿದ್ದು ನಾನು. ಇಂಜಿನಿಯರು! ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ ಬರೀ 177 ಅಂತ ಹೊಳೆಯುವಷ್ಟರಲ್ಲಿ ಮೇಲೆ ಇದ್ದಿಲು, ಒಳಗೆ ಅಂಬಲಿ.

ಎರಡನೇ ಕೇಕು ಅಪ್ಪನ ಹುಟ್ಟುಹಬ್ಬಕ್ಕೆ. ಈ ಸಲ ಡಿಗ್ರಿ ಸರಿ ಇತ್ತು. ಸಂಜೆ ಏಳು ಗಂಟೆಗೆ ಇಟ್ಟದ್ದು. ಒಂದೂವರೆ ಗಂಟೆ ಕಳೆದು ಹೊರಬಂದದ್ದು ಅಡಿಕೆ ಹಾಳೆಯ ಹಾಗೆ ಚಪ್ಪಟೆ. ಅತ್ತೆ ಅಂದರು, "ಅವಳಿಗೆ ನೀರ್‌ದೋಸೆ ಬಿಟ್ರೆ ಬೇರೆ ಎಂತಕ್ಕೂ ಕೈಗುಣ ಇಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮ ಮೂರನೇ ಕೇಕು ಮಾಡಲೇ ಇಲ್ಲ. ಓವನ್ನಿಗೆ ಹಳೇ ಸೀರೆ ಹೊದಿಸಿ ಒಳಗೆ ಹಪ್ಪಳದ ಡಬ್ಬಿ ಇಟ್ಟಳು.

ಅದೇ ವಾರ, ಅದೇ ಚಾವಡಿಯಲ್ಲಿ ಕೂತು ನಾನು ಬರೆದ ಕೋಡಿನಲ್ಲಿ ಒಂದು ಕಂಡೀಷನ್ ತಪ್ಪಿ, ರಾತ್ರಿ ಒಂದು ಸಲ ಓಡಬೇಕಾದ ಜಾಬ್ ಎರಡು ಸಲ ಓಡಿತ್ತು. ಮರುದಿನ ಮೀಟಿಂಗು. ಯಾರೂ ನಗಲಿಲ್ಲ. ಯಾಕಾಯ್ತು, ಟೆಸ್ಟ್ ಯಾಕೆ ಹಿಡೀಲಿಲ್ಲ, ಮುಂದೆ ಏನು ಮಾಡೋಣ ಅಂತ ಎರಡು ಪುಟ ಬರೆದು ಎಲ್ಲರಿಗೂ ಕಳಿಸಿದೆವು. "ನಿಂಗೆ ಜಾವಾ ಕೈಗುಣ ಇಲ್ಲ" ಅಂತ ಯಾರಾದ್ರೂ ಅಂದಿದ್ರೆ ಎಚ್‌ಆರ್ ತನಕ ಹೋಗ್ತಿತ್ತು. ನನ್ನ ತಪ್ಪಿಗೆ ಬಗ್ ಅಂತ ಮರ್ಯಾದೆಯ ಹೆಸರು. ಅಮ್ಮನ ತಪ್ಪಿಗೆ ವರ್ಷಗಟ್ಟಲೆ ನಗು!

ಆ ಎರಡನೇ ಕೇಕಿನ ಕೇಸು ನಾನು ತೆರೆದದ್ದು ಮುಂದಿನ ಮಳೆಗಾಲದಲ್ಲಿ, ಮಲ್ಟಿಮೀಟರ್ ತಗೊಂಡು. ಸಂಜೆ ಏಳಕ್ಕೆ ಪ್ಲಗ್ಗಿನಲ್ಲಿ 172 ವೋಲ್ಟು. ಇರಬೇಕಾದ್ದು 230. ಕಾಯಿಲ್ ಕೊಡೋ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ, ಅಂದ್ರೆ 1200 ವ್ಯಾಟಿನ ಓವನ್ನು ಸುಮಾರು 670 ವ್ಯಾಟಿನದ್ದಾಗಿತ್ತು. ಅದು ಕಾಯೋ ತನಕ ಅಮ್ಮ ಮೊಸರು, ಸೋಡಾ ಕಲಸಿದ ಹಿಟ್ಟನ್ನು ಬದಿಗಿಟ್ಟಿದ್ದಳು. ಸೋಡಾ ಹುಳಿಗೆ ಸಿಕ್ಕಿದ ಕೂಡ್ಲೇ ಗುಳ್ಳೆ ಬಿಡಲು ಶುರು. ಅರ್ಧ ಗಂಟೆ ಕಾದ್ರೆ ಕೇಕನ್ನು ಎತ್ತೋದಕ್ಕೆ ಏನು ಉಳಿಯುತ್ತೆ? ಡಬ್ಬಿಯಲ್ಲಿದ್ದ ಬೇಕಿಂಗ್ ಪೌಡರನ್ನೂ ಒಂದು ಚಮಚ ಬಿಸಿನೀರಿಗೆ ಹಾಕಿ ನೋಡಿದೆ. ಬುರುಬುರು ನೊರೆ ಬರಬೇಕಿತ್ತು, ಬರಲಿಲ್ಲ. ನಮ್ಮ ಮಳೆಗೆ ಉಪ್ಪೇ ನೀರಾಗುತ್ತೆ, ಇನ್ನು ಪೌಡರು ಉಳಿಯುತ್ತಾ? ಮಧ್ಯಾಹ್ನ ಎರಡು ಗಂಟೆಗೆ, ಓವನ್ ಕಾದ ಮೇಲೆ ಹಿಟ್ಟು ಕಲಸಿ, ಹೊಸ ಪ್ಯಾಕೆಟ್ ಒಡೆದು ಮಾಡಿದೆ. ಉಬ್ಬಿತು. ನನ್ನ ಕೈಯ್ಯಲ್ಲಿ ಯಾವ ಗುಣವೂ ಇಲ್ಲ, ಬೇಕಾದ್ರೆ ಅತ್ತೆಯನ್ನೇ ಕೇಳಿ :)

ಅವರು ಹಾಗೆ ಹೇಳೋದಕ್ಕೂ ಕಾರಣ ಉಂಟು. ಡಿಸೆಂಬರಿನಲ್ಲಿ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗೋ ಅಪ್ಪನ ಕಿವಿಗೆ ಅಂತ ಉಲ್ಲನ್ ಮಫ್ಲರ್ ಹೆಣೆಯಲು ಕೂತಿದ್ದೆ, ನಡುವೆ ಜಡೆಯ ಹಾಗೆ ಹೆಣೆದುಕೊಂಡು ಹೋಗೋ ಡಿಸೈನು. ನಾಲ್ಕು ಕುಣಿಕೆಯನ್ನು ಮೂರನೇ ಕಡ್ಡಿಗೆ ಎತ್ತಿ ಮುಂದೆ ಹಿಡಿದ್ರೆ ಜಡೆ ಎಡಕ್ಕೆ, ಹಿಂದೆ ಹಿಡಿದ್ರೆ ಬಲಕ್ಕೆ. ನಲ್ವತ್ತು ಸಾಲು ಮುಗಿಸಿ ನೋಡಿದ್ರೆ ಕೆಳಗೆಲ್ಲೋ ಒಂದು ಕಡೆ ತಿರುವು ಉಲ್ಟಾ! ಜಡೆ ಹಾಕಿದಲ್ಲಿ ಬಟ್ಟೆ ಒಳಗೆಳೆದುಕೊಳ್ಳುತ್ತೆ ಅಂತ ಗೊತ್ತಿಲ್ಲದೆ ಕಡಿಮೆ ಕುಣಿಕೆ ಹಾಕಿದ್ದೆ, ಮಫ್ಲರ್ ಹೋಗಿ ನಾಡಾ ಆಗಿತ್ತು. ಅತ್ತೆ ಮತ್ತೆ ಅದೇ ರಾಗ: "ನಿನ್ನ ಕೈಗೆ ಇದೆಲ್ಲ ಹತ್ತುದಿಲ್ಲ." ಇಡೀ ಮಫ್ಲರ್ ಬಿಚ್ಚದೆ ಜಡೆಯ ಆ ಎಂಟು ಕುಣಿಕೆಗಳನ್ನಷ್ಟೇ ಕೆಳಗಿನ ತನಕ ಇಳಿಸಿ, ಕ್ರೋಶಾ ಕಡ್ಡಿಯಲ್ಲಿ ಮೇಲೆ ಹೆಣೆದು ತರಬಹುದು ಅಂತ ತೋರಿಸಿದ್ದು ಚಿಕ್ಕಮ್ಮ. ಅವರಿಗೆ ಹೇಗೆ ಗೊತ್ತು? ಅದೇ ತಪ್ಪನ್ನು ಅವರು ಹತ್ತು ಸಲ ಮಾಡಿದ್ದರಂತೆ. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಅಂದಾಜು ಅನ್ನೋದೂ ಒಂದು ವಿದ್ಯೆಯಲ್ವಾ ಅಂತ ನೀವು ಕೇಳಬಹುದು. ಹೌದು, ಅದಕ್ಕೇ ಈ ಸಿಟ್ಟು. ಅಮ್ಮ ನೀರ್‌ದೋಸೆ ಹಿಟ್ಟಿಗೆ ಸೌಟು ಅದ್ದಿ ಎತ್ತಿದ್ರೆ ಎಷ್ಟು ನೀರು ಬೇಕು ಅಂತ ಗೊತ್ತಾಗುತ್ತೆ. ಅದರ ಹಿಂದೆ ಮೂವತ್ತು ವರ್ಷದ ಹರಿದ ದೋಸೆಗಳಿವೆ. ಗುಣ ಅಂದುಬಿಟ್ರೆ ಆ ಮೂವತ್ತು ವರ್ಷ ಮಾಯ, ಹುಟ್ಟಿನಿಂದಲೇ ಬಂತು ಅಂತ ಆಯ್ತು. ಅಂದಹಾಗೆ 1025ರಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆಗೂ ಜಾಗ ಕೊಟ್ಟ. ಹದಿನಾರನೇ ಶತಮಾನದಲ್ಲಿ ಮೂರನೇ ಮಂಗರಸ ಬರೆದ ಅಡುಗೆ ಪುಸ್ತಕದ ಹೆಸರೇ 'ಸೂಪಶಾಸ್ತ್ರ'. ಗಂಡಸು ಬರೆದ್ರೆ ಶಾಸ್ತ್ರ, ಹೆಂಗಸು ಮಾಡಿದ್ರೆ ಕೈಗುಣ. ಚೆನ್ನಾಗುಂಟು!

ಹಾಗಾಗಿ ದಯವಿಟ್ಟು ಹಾಳಾದ ಕೇಕಿನ ಫೋಟೋನೂ ಹಾಕಿ. ಬೇಕಾದಷ್ಟು ಅಂದ್ರೆ ಎಷ್ಟು ಗ್ರಾಮು, ಯಾವ ತಿಂಗಳು, ನಿಮ್ಮ ಲೋಟ ಎಷ್ಟು ದೊಡ್ಡದು, ಎರಡನೇ ಸಲ ಏನು ಬದಲಿಸಿದಿರಿ, ಅದೆಲ್ಲ ಬರೆಯಿರಿ. ನಿಮ್ಮ ಗೆದ್ದ ಕೇಕು ನೋಡಿ ಸೋತು, ತನ್ನದೇ ತಪ್ಪು ಅಂದುಕೊಂಡು ಓವನ್ನಿಗೆ ಸೀರೆ ಹೊದಿಸಿದವರು ಅರಂತೋಡಿನಲ್ಲಿ ಮಾತ್ರ ಇರಲಿಕ್ಕಿಲ್ಲ.

ಮೊನ್ನೆ ಊರಿಗೆ ಹೋದಾಗ 172 ವೋಲ್ಟಿನ ಲೆಕ್ಕವನ್ನು ಅಮ್ಮನಿಗೆ ಪೇಪರಿನಲ್ಲಿ ಬರೆದು ತೋರಿಸಿದೆ. "ಹೌದಾ? ಹಾಗಾದ್ರೆ ನಂದಲ್ಲವಾ ಅದು?" ಅಂದಳು. ಆ ಪೇಪರನ್ನು ಮಡಚಿ ಹಪ್ಪಳದ ಡಬ್ಬಿಯ ಅಡಿಗೆ ಇಟ್ಟಳು. ಡಬ್ಬಿ ಇನ್ನೂ ಓವನ್ನಿನೊಳಗೇ ಉಂಟು.